ಹವ್ಯಾಸಿಗಳ ಜಾಝ್ ಗೋಷ್ಠಿ: ಅನುಕರಣವೂ ಮನೋಧರ್ಮವೂ

ವಿಮರ್ಶೆಯು ಸಾಮಾನ್ಯವಾಗಿ ಸಿದ್ಧವಾದ ಕೃತಿಯೊಂದನ್ನು ಮುಂದಿಟ್ಟುಕೊಂಡು ತನ್ನ ಕಾರ್ಯಕ್ಕೆ ತೊಡಗುತ್ತದೆ. ಕಾವ್ಯವಾಗಲಿ ಶಿಲ್ಪವಾಗಲಿ ಕರ್ತೃವಿನ ಕೈಬಿಟ್ಟು ಬಂದ ಮೇಲೆ ಸ್ಥಿರವಾದ ರೂಪದಲ್ಲಿ ನಿಲ್ಲುತ್ತದೆ. ಅದರ ಗುಣದೋಷಗಳನ್ನು ಯಾರು ಬೇಕಾದರೂ ಮತ್ತೆ ಮತ್ತೆ ಪರಿಶೀಲಿಸಬಹುದು. ಸಂಗೀತದಲ್ಲಿಯೂ ಬರೆದಿಟ್ಟ ರಚನೆಗೆ ಇಂಥ ಸ್ಥಿರತೆ ಉಂಟು. ಆದರೆ ಕೆಲವರು ಹವ್ಯಾಸಿಗಳು ದಿನದ ದುಡಿಮೆಯನ್ನು ಮುಗಿಸಿ, ವಾರಕ್ಕೊಮ್ಮೆ ಒಂದೆಡೆ ಸೇರಿ, ಆಗಿಂದಾಗ ಕಲ್ಪಿಸಿಕೊಂಡು ನುಡಿಸುವ ಜಾಝ್ ಗೋಷ್ಠಿಯನ್ನು ವಿಮರ್ಶಕನು ಯಾವ ತಕ್ಕಡಿಯಲ್ಲಿ ತೂಗಬೇಕು? ಅಲ್ಲಿ ಹುಟ್ಟಿದ ಸಂಗೀತ ಬಹುಮಟ್ಟಿಗೆ ಅಲ್ಲಿಯೇ ಲಯವಾಗುತ್ತದೆ. ನುಡಿಸುವವರು ವಿದ್ವಾಂಸರಲ್ಲ, ಕೇಳುವವರು ಅವರ ನೆರೆಹೊರೆಯವರು.

ಇಂಥ ಗೋಷ್ಠಿಗಳನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ರೂಢಿಯಲ್ಲಿವೆ. ಅವು ಬಿಡುವಿನ ವೇಳೆಯ ವಿನೋದವಾದ್ದರಿಂದ ಗುಣದೋಷಗಳ ವಿಚಾರವೇ ಅಲ್ಲಿ ಸಲ್ಲದು ಎಂಬುದು ಒಂದು. ದೊಡ್ಡವರು ಎಂದೋ ನುಡಿಸಿದ್ದನ್ನು ಚಿಕ್ಕವರು ತಪ್ಪುತಪ್ಪಾಗಿ ಒಪ್ಪಿಸುವ ಪಾಠ ಅದು ಎಂಬುದು ಇನ್ನೊಂದು. ಮೊದಲನೆಯದು ಕನಿಕರ, ಎರಡನೆಯದು ತಿರಸ್ಕಾರ, ಎರಡೂ ವಿಮರ್ಶೆಯಲ್ಲ. ಹವ್ಯಾಸಿಗಳ ಗೋಷ್ಠಿಗೆ ತನ್ನದೇ ಆದ ಒಂದು ಕಲಾಧರ್ಮವುಂಟೆಂದೂ ಅದನ್ನು ಅದರ ಧರ್ಮಕ್ಕನುಗುಣವಾಗಿಯೇ ಅಳೆಯಬೇಕೆಂದೂ ನಾವು ಭಾವಿಸುತ್ತೇವೆ. ಇದನ್ನು ಒಂದು ನಿದರ್ಶನದ ಮೂಲಕ ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲು ಈ ಸಂಗೀತದ ಲಕ್ಷಣವನ್ನು ಸಂಗ್ರಹವಾಗಿ ಹೇಳಬೇಕು. ಜ್ಯಾಮ್ ಸೆಷನ್ ಎಂಬುದು ಪೂರ್ವಸಿದ್ಧತೆಯಿಲ್ಲದ ಕೂಟವೆಂದರೂ ನಿಯಮವಿಲ್ಲದ ಕೂಟವಲ್ಲ. ಎಲ್ಲರಿಗೂ ತಿಳಿದ ಒಂದು ಹಾಡನ್ನು ಆರಿಸಿಕೊಳ್ಳುತ್ತಾರೆ. ಆ ಹಾಡಿಗೆ ಆಧಾರವಾದ ಸ್ವರಗುಚ್ಛಗಳ ಅನುಕ್ರಮವೊಂದಿರುತ್ತದೆ. ಬ್ಲೂಸ್ ಜಾತಿಯ ಹಾಡಾದರೆ ಸಾಮಾನ್ಯವಾಗಿ 12 ಮಾತ್ರಾಗಣಗಳು, ಅನೇಕ ಜನಪ್ರಿಯ ಗೀತಗಳಲ್ಲಿ 32. ಈ ಅನುಕ್ರಮ ಮುಗಿದೊಡನೆ ಮತ್ತೆ ಮೊದಲಿಗೆ ಬರುತ್ತದೆ; ನಮ್ಮ ತಾಳದ ಆವರ್ತದಂತೆ ಅದು ತಿರುಗುತ್ತಲೇ ಇರುತ್ತದೆ. ಅದರ ಮೇಲೆ ನುಡಿಸುವವನು ತನ್ನ ಕಲ್ಪನೆಯನ್ನು ಹರಿಯಬಿಡುತ್ತಾನೆ. ಕಲ್ಪನಾಸ್ವರವನ್ನು ಹಾಡಿ ಪಲ್ಲವಿಯ ಎತ್ತುಗಡೆಗೆ ಬಂದು ಸೇರುವ ಕ್ರಮವನ್ನು ಬಲ್ಲ ನಮ್ಮ ಓದುಗರಿಗೆ ಈ ಸ್ವಾತಂತ್ರ್ಯವೂ ಈ ಕಟ್ಟೂ ಅಪರಿಚಿತವಲ್ಲ. ಆದರೆ ಒಂದು ಮುಖ್ಯ ಭೇದವುಂಟು. ನ್ಯೂ ಆರ್ಲಿಯನ್ಸ್ ಪದ್ಧತಿಯಲ್ಲಿ ಮೂರು ನಾಲ್ಕು ವಾದ್ಯಗಳು ಏಕಕಾಲದಲ್ಲಿ ಮನೋಧರ್ಮವನ್ನು ನಡೆಸುತ್ತವೆ. ಕಾರ್ನೆಟ್ ಹಾಡಿನ ಮಟ್ಟನ್ನು ಹಿಡಿದು ಮುಂದೆ ಸಾಗುತ್ತದೆ. ಕ್ಲಾರಿನೆಟ್ ಅದರ ಮೇಲಿನ ಸ್ಥಾಯಿಯಲ್ಲಿ ಬಳ್ಳಿಯಂತೆ ಸುತ್ತುತ್ತದೆ. ಟ್ರೋಂಬೋನ್ ಕೆಳಗಿನಿಂದ ಒತ್ತಾಸೆ ಕೊಡುತ್ತದೆ. ಪಿಯಾನೋ, ಬ್ಯಾಂಜೋ, ಟ್ಯೂಬಾ, ಡ್ರಮ್ ಇವು ಲಯವನ್ನೂ ಸ್ವರಗುಚ್ಛಗಳನ್ನೂ ಹೊತ್ತು ನಿಲ್ಲುತ್ತವೆ. ಒಬ್ಬನು ಮಾತನಾಡುವಾಗ ಉಳಿದವರು ಮೌನವಾಗಿರುವ ಸಭೆಯಲ್ಲ ಅದು. ಎಲ್ಲರೂ ಒಮ್ಮೆಗೇ ಮಾತನಾಡಿಯೂ ಪರಸ್ಪರ ಕೇಳಿಸಿಕೊಳ್ಳುವ ಸಭೆ.

ನಾವು ಎತ್ತಿಕೊಂಡಿರುವ ನಿದರ್ಶನ ಇಂಗ್ಲೆಂಡಿನದು. ಲಂಡನ್ನಿನ ಆಗ್ನೇಯಕ್ಕೆ, ಆಗ ಕೆಂಟ್ ಪ್ರಾಂತಕ್ಕೆ ಸೇರಿದ್ದ ಬಾರ್ನ್‌ಹರ್ಸ್ಟ್ ಎಂಬಲ್ಲಿ 'ರೆಡ್ ಬಾರ್ನ್' ಎಂಬ ಪಾನಗೃಹವಿತ್ತು. ಎರಡನೆಯ ಮಹಾಯುದ್ಧದ ನಡುವಣ ವರ್ಷಗಳಿಂದ ಮೊದಲಾಗಿ ಅಲ್ಲಿ ವಾರವಾರವೂ ಒಂದು ಹವ್ಯಾಸಿ ಮೇಳ ನುಡಿಸತೊಡಗಿತು. ಮೇಳದ ನಾಯಕ ಜಾರ್ಜ್ ವೆಬ್, 1917ರಲ್ಲಿ ಹುಟ್ಟಿದವರು, ವಿಕರ್ಸ್-ಆರ್ಮ್‌ಸ್ಟ್ರಾಂಗ್ ಕಾರ್ಖಾನೆಯಲ್ಲಿ ಯಂತ್ರಬಂದೂಕುಗಳನ್ನು ಜೋಡಿಸುವ ಕೆಲಸದಲ್ಲಿದ್ದು ಬಿಡುವಿನಲ್ಲಿ ಪಿಯಾನೋ ನುಡಿಸುತ್ತಿದ್ದರು. ಓವೆನ್ ಬ್ರೈಸ್ ಮತ್ತು ರೆಜ್ ರಿಗ್ಡನ್ ಕಾರ್ನೆಟ್ ನುಡಿಸುತ್ತಿದ್ದರು. ಎಡ್ಡಿ ಹಾರ್ವಿ ಟ್ರೋಂಬೋನ್. ಮುಂದೆ 'ಟ್ರಾಗ್' ಎಂಬ ಅಂಕಿತದಿಂದ ವ್ಯಂಗ್ಯಚಿತ್ರಕಾರರೆಂದು ಪ್ರಸಿದ್ಧರಾದ ವಾಲಿ ಫಾಕ್ಸ್ ಕ್ಲಾರಿನೆಟ್. ಈ ಮೇಳಕ್ಕೆ 'ಜಾರ್ಜ್ ವೆಬ್ಸ್ ಡಿಕ್ಸಿಲ್ಯಾಂಡರ್ಸ್' ಎಂದು ಹೆಸರು. 1947ರಲ್ಲಿ ಹಂಫ್ರಿ ಲಿಟಲ್‌ಟನ್ ಇದನ್ನು ಸೇರಿದರು. 1948ರಲ್ಲಿ ಅವರು ಸ್ವಂತ ಮೇಳವನ್ನು ಕಟ್ಟಿದಾಗ ಫಾಕ್ಸ್ ಅವರ ಜೊತೆಗೆ ಹೋದರು; ವೆಬ್‌ರ ಹಳೆಯ ಮೇಳ ಮುಗಿಯಿತು. ಬ್ರಿಟನ್ನಿನಲ್ಲಿ ಸಾಂಪ್ರದಾಯಿಕ ಜಾಝ್‌ನ ಪುನರುಜ್ಜೀವನ ಇಲ್ಲಿಂದ ಮೊದಲಾಯಿತೆಂದು ಇತಿಹಾಸಕಾರರು ಸಾಮಾನ್ಯವಾಗಿ ಹೇಳುತ್ತಾರೆ. 1985ರಲ್ಲಿ ಆ ಕಟ್ಟಡಕ್ಕೆ ಸ್ಮಾರಕಫಲಕವನ್ನು ಹಾಕಲಾಯಿತು.

ಈ ಮೇಳದ ಮೇಲಿನ ಮುಖ್ಯ ಆಕ್ಷೇಪಣೆ ಅದು ಅನುಕರಣವೆಂಬುದು. ಆಕ್ಷೇಪಣೆಗೆ ಆಧಾರವಿಲ್ಲದೆ ಇಲ್ಲ. ಇವರ ಆದರ್ಶ ಕಿಂಗ್ ಆಲಿವರ್‌ರ ಕ್ರಿಯೋಲ್ ಜಾಝ್ ಮೇಳ. ಆ ಮೇಳ ಷಿಕಾಗೋದಲ್ಲಿ ನುಡಿಸುತ್ತಿತ್ತು. 1922ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಎರಡನೆಯ ಕಾರ್ನೆಟ್‌ಗಾರರಾಗಿ ಅದನ್ನು ಸೇರಿದರು. 1923ರಲ್ಲಿ ಅದರ ಧ್ವನಿಮುದ್ರಿಕೆಗಳು ಹೊರಟವು. ವೆಬ್‌ರ ಮೇಳದಲ್ಲಿಯೂ ಎರಡು ಕಾರ್ನೆಟ್‌ಗಳಿದ್ದುದು ಆಕಸ್ಮಿಕವಲ್ಲ. ಆಲಿವರ್‌ರನ್ನು ಇವರು ಕಣ್ಣಿನಿಂದ ಕಂಡವರಲ್ಲ. ಅವರು 1938ರಲ್ಲಿಯೇ ತೀರಿಕೊಂಡಿದ್ದರು. ಅಲ್ಲದೆ 1935ರಿಂದ ಇಪ್ಪತ್ತು ವರ್ಷಗಳ ಕಾಲ ವಾದಕರ ಸಂಘಗಳ ನಡುವಣ ವಿವಾದದಿಂದಾಗಿ ಅಮೆರಿಕದ ಮೇಳಗಳು ಬ್ರಿಟನ್ನಿಗೆ ಬಂದು ನುಡಿಸುವುದು ಬಹುಮಟ್ಟಿಗೆ ನಿಂತುಹೋಗಿತ್ತು. 1956ರಲ್ಲಿ ಮಾತ್ರ ವಿನಿಮಯದ ಏರ್ಪಾಟಿನಿಂದ ದಾರಿ ತೆರೆಯಿತು. ಹೀಗಾಗಿ ಈ ಹವ್ಯಾಸಿಗಳಿಗೆ ಗ್ರಾಮಫೋನ್ ತಟ್ಟೆಯೇ ಗುರು. 1933ರಲ್ಲಿ ಲಂಡನ್ನಿನಲ್ಲಿ ಮೊದಲಾಗಿ ದೇಶದಲ್ಲೆಲ್ಲ ಹಬ್ಬಿದ 'ರಿದಮ್ ಕ್ಲಬ್'ಗಳಲ್ಲಿ ಆ ತಟ್ಟೆಗಳನ್ನು ಹಾಕಿ ಕೇಳಿ, ಚರ್ಚಿಸಿ, ಬಳಿಕ ವಾದ್ಯಗಳನ್ನು ಕೈಗೆತ್ತಿಕೊಳ್ಳುವುದು ವಾಡಿಕೆಯಾಗಿತ್ತು.

ಗುರುವಾಗಿ ಗ್ರಾಮಫೋನ್ ತಟ್ಟೆಗೆ ದೊಡ್ಡ ಕೊರತೆಗಳಿವೆ. 10 ಅಂಗುಲದ ತಟ್ಟೆಯ ಒಂದು ಮುಖದಲ್ಲಿ ಸುಮಾರು ಮೂರು ನಿಮಿಷದ ಸಂಗೀತಕ್ಕೆ ಮಾತ್ರ ಎಡೆಯುಂಟು. 1923ರ ತಟ್ಟೆಗಳು ವಿದ್ಯುತ್ ಮೈಕ್ರೋಫೋನ್ ಬರುವುದಕ್ಕೆ ಮುಂಚಿನವು. ವಾದಕರು ದೊಡ್ಡದೊಂದು ಕೊಂಬಿನ ಎದುರಿಗೆ ನಿಂತು ನುಡಿಸಬೇಕಾಗಿತ್ತು. ಡ್ರಮ್ಮಿನ ಪೂರ್ಣಧ್ವನಿಯನ್ನು ಆ ಯಂತ್ರ ಹಿಡಿಯಲಾರದು, ಮಂದ್ರಸ್ವರಗಳು ಮಸುಕಾಗುತ್ತವೆ. ನೃತ್ಯಶಾಲೆಯಲ್ಲಿ ಕುಣಿಯುವವರ ಉತ್ಸಾಹವನ್ನು ನೋಡಿ ಹಿಗ್ಗಿಸುತ್ತಿದ್ದ ಹಾಡು ತಟ್ಟೆಯಲ್ಲಿ ಅಳತೆಗೆ ಕತ್ತರಿಸಿದ ಬಟ್ಟೆಯಾಗುತ್ತದೆ. ಇದನ್ನು ಕೇಳಿ ಕಲಿತವರು ಗುರುವಿನ ಗುಣಗಳ ಜೊತೆಗೆ ಯಂತ್ರದ ದೋಷಗಳನ್ನೂ ಶೈಲಿಯೆಂದು ಸ್ವೀಕರಿಸುವ ಸಂಭವವುಂಟು. ವೆಬ್‌ರ ಮೇಳ ಬಿಟ್ಟುಹೋಗಿರುವ ಧ್ವನಿಮುದ್ರಿಕೆಗಳಲ್ಲಿ ಬ್ಯಾಂಜೋ ಟ್ಯೂಬಾಗಳ ಲಯ ಭಾರವಾಗಿ ನಡೆಯುತ್ತದೆ. ಆಲಿವರ್‌ರ ಮೇಳದ ಹಗುರವಾದ ತೂಗಾಟ ಅಲ್ಲಿಲ್ಲ. ಇದು ದೋಷವೇ, ಹವ್ಯಾಸಿಗಳೆಂಬ ಕಾರಣದಿಂದ ಇದನ್ನು ಮರೆಸಬೇಕಾದುದಿಲ್ಲ.

ಆದರೆ ಇಷ್ಟಕ್ಕೇ ತೀರ್ಪು ಕೊಡುವವರು ಒಂದು ಮೂಲಭೂತವಾದ ಅಂಶವನ್ನು ಗಮನಿಸಿಲ್ಲ. ಏಕವಾದ್ಯದ ವಾದನವನ್ನು ಸ್ವರಸ್ವರವಾಗಿ ಕಂಠಪಾಠ ಮಾಡಿ ಒಪ್ಪಿಸುವುದು ಸಾಧ್ಯ. ಸಾಮೂಹಿಕ ಮನೋಧರ್ಮವನ್ನು ಹಾಗೆ ಒಪ್ಪಿಸುವುದು ಒಂದು ಸಲ ಸಾಧ್ಯವಾದರೂ ವಾರವಾರವೂ ಸಾಧ್ಯವಲ್ಲ. ಒಂದು ವಾರ ಕಾರ್ನೆಟ್‌ಗಾರನು ಒಂದು ಪದವನ್ನು ತುಸು ತಡೆದು ಎತ್ತಿಕೊಂಡರೆ, ಕ್ಲಾರಿನೆಟ್‌ಗಾರನು ಬಾಯಿಪಾಠ ಮಾಡಿದ ಉತ್ತರ ಆ ಕ್ಷಣದಲ್ಲಿ ಹೊಂದುವುದಿಲ್ಲ. ಅವನು ಕಿವಿಗೊಟ್ಟು ಬೇರೊಂದು ಉತ್ತರವನ್ನು ಕಂಡುಕೊಳ್ಳಲೇಬೇಕು. ಟ್ರೋಂಬೋನ್‌ಗಾರ ಇನ್ನೂ ಕಲಿಯುತ್ತಿರುವವನಾಗಿದ್ದರೆ ಉಳಿದವರು ಅವನಿಗೆ ಎಡೆಮಾಡಿಕೊಟ್ಟು ತಮ್ಮ ಭಾಗವನ್ನು ಕಡಿಮೆ ಮಾಡಿಕೊಳ್ಳಬೇಕು. ತಟ್ಟೆಯಿಂದ ದೊರೆಯುವುದು ಸಿದ್ಧವಾದ ಉತ್ತರ. ಗೋಷ್ಠಿಯಲ್ಲಿ ಎದುರಾಗುವುದು ಹೊಸ ಪ್ರಶ್ನೆ. ಆದಕಾರಣ ಅನುಕರಣದಿಂದ ಆರಂಭವಾದ ಮೇಳವೂ ವಾರದ ಅಭ್ಯಾಸದ ಬಲದಿಂದ ಅನುಕರಣವನ್ನು ದಾಟದೆ ಇರಲಾರದು. ಭಾಷೆಯನ್ನು ಕಲಿಯುವ ಮಗು ಮೊದಲು ಹಿರಿಯರ ಮಾತನ್ನೇ ಹೇಳುತ್ತದೆ. ಆದರೆ ಹಸಿವಾದಾಗ ಹಸಿವೆಂದು ಹೇಳುವಾಗ ಆ ಮಾತು ಅದರದೇ.

ಇದಕ್ಕೆ ಪ್ರಮಾಣವೇನೆಂದು ಕೇಳಬಹುದು. 1949ರ ನವೆಂಬರಿನಲ್ಲಿ ಸಿಡ್ನಿ ಬೆಷೆ ಲಂಡನ್ನಿಗೆ ಬಂದರು. ಅವರು ನ್ಯೂ ಆರ್ಲಿಯನ್ಸಿನಲ್ಲಿಯೇ ಹುಟ್ಟಿ ಆ ಸಂಗೀತವನ್ನು ಅದರ ತೊಟ್ಟಿಲಲ್ಲಿ ಕಲಿತವರು. ಆಗಿನ್ನೂ ಜಾರಿಯಲ್ಲಿದ್ದ ನಿರ್ಬಂಧವನ್ನು ಮೀರಿ ಅವರು ಲಿಟಲ್‌ಟನ್ ಮೇಳದೊಡನೆ ವೇದಿಕೆಯ ಮೇಲೆ ನುಡಿಸಿದರು, ಧ್ವನಿಮುದ್ರಿಕೆಗಳನ್ನೂ ಮಾಡಿದರು. ರೆಡ್ ಬಾರ್ನ್‌ನಲ್ಲಿ ಪಳಗಿದ ಫಾಕ್ಸ್ ಆ ಮೇಳದಲ್ಲಿದ್ದರು. ಕಂಠಪಾಠದಿಂದ ಒಂದು ಭಾಷೆಯ ನಾಲ್ಕು ವಾಕ್ಯಗಳನ್ನು ಕಲಿತವನು ಆ ಭಾಷೆಯಲ್ಲಿ ಹುಟ್ಟಿಬೆಳೆದವನೊಡನೆ ಸಂವಾದ ನಡೆಸಲಾರನು. ಸಂವಾದ ನಡೆಯಿತೆಂಬುದೇ ಪಾನಗೃಹದ ಗೋಷ್ಠಿಯಲ್ಲಿ ಕಲಿತದ್ದು ವಾಕ್ಯಗಳನ್ನಲ್ಲ, ಭಾಷೆಯನ್ನು ಎಂಬುದಕ್ಕೆ ಸಾಕ್ಷಿ. ಫಾಕ್ಸ್ ಆ ಮೇಲೆಯೂ ಚಿತ್ರರಚನೆಯಿಂದಲೇ ಜೀವನ ನಡೆಸಿದರೆಂಬುದೂ ಇಲ್ಲಿ ಸ್ಮರಣೀಯ.

ಹವ್ಯಾಸಿ ಗೋಷ್ಠಿಯ ಧರ್ಮ ಇನ್ನೂ ಸ್ಪಷ್ಟವಾಗಬೇಕಾದರೆ ಅದೇ ದಶಕದ ಮತ್ತೊಂದು ಗೋಷ್ಠಿಯೊಡನೆ ಹೋಲಿಸಬೇಕು. ನ್ಯೂಯಾರ್ಕಿನ ಹಾರ್ಲೆಮ್ ಭಾಗದಲ್ಲಿ ಹೆನ್ರಿ ಮಿಂಟನ್ 1938ರಲ್ಲಿ ತೆರೆದ 'ಮಿಂಟನ್ಸ್ ಪ್ಲೇಹೌಸ್'ನಲ್ಲಿ ಸೋಮವಾರದ ರಾತ್ರಿಗಳಂದು ವೃತ್ತಿವಾದಕರ ಜ್ಯಾಮ್ ಸೆಷನ್‌ಗಳು ನಡೆಯುತ್ತಿದ್ದವು. ಥೆಲೋನಿಯಸ್ ಮಂಕ್, ಕೆನ್ನಿ ಕ್ಲಾರ್ಕ್ ಅಲ್ಲಿಯ ಮೇಳದಲ್ಲಿದ್ದರು. ಚಾರ್ಲಿ ಕ್ರಿಶ್ಚಿಯನ್, ಡಿಝಿ ಗಿಲೆಸ್ಪಿ ಬಂದು ನುಡಿಸುತ್ತಿದ್ದರು. ಬೀಬಾಪ್ ಎಂಬ ನವೀನ ಪದ್ಧತಿ ರೂಪುಗೊಂಡ ಸ್ಥಳಗಳಲ್ಲಿ ಅದು ಪ್ರಮುಖವಾದುದು. ಅಸಮರ್ಥರನ್ನು ವೇದಿಕೆಯಿಂದ ದೂರವಿಡುವುದಕ್ಕಾಗಿ ಸ್ವರಗುಚ್ಛಗಳನ್ನು ಬೇಕೆಂದೇ ಕಠಿನಗೊಳಿಸುತ್ತಿದ್ದರೆಂದು ಆ ಕಾಲದ ವಾದಕರು ಹೇಳಿಕೊಂಡಿದ್ದಾರೆ. ಅದು ಪರೀಕ್ಷೆಯ ಗೋಷ್ಠಿ. ಕಲೆಯ ಎಲ್ಲೆಯನ್ನು ಮುಂದೂಡುವುದು ಅದರ ಧರ್ಮ. ಹವ್ಯಾಸಿಗಳದು ಆಶ್ರಯದ ಗೋಷ್ಠಿ; ಕಲೆಯೊಳಕ್ಕೆ ಜನರನ್ನು ಕರೆದುಕೊಳ್ಳುವುದು ಅದರ ಧರ್ಮ. ಮಿಂಟನ್ಸ್ ಅನ್ನು ಅಳೆಯುವ ಕೋಲಿನಿಂದ ರೆಡ್ ಬಾರ್ನ್ ಅನ್ನು ಅಳೆದು ಅಲ್ಲಿ ನಾವೀನ್ಯವಿಲ್ಲವೆಂದು ದೂರುವುದು ಸರಿಯಲ್ಲ. ಅದರಂತೆಯೇ ರೆಡ್ ಬಾರ್ನ್‌ನ ಸೌಹಾರ್ದವನ್ನು ಮಿಂಟನ್ಸ್‌ನಲ್ಲಿ ಹುಡುಕುವುದೂ ಸರಿಯಲ್ಲ.

ಹಾಗಾದರೆ ಹವ್ಯಾಸಿ ಗೋಷ್ಠಿಯಲ್ಲಿ ಗುಣಾವಗುಣಗಳೇ ಇಲ್ಲವೆ? ಇವೆ. ಅಲ್ಲಿ ವಿಮರ್ಶಕನು ಕೇಳಬೇಕಾದ ಪ್ರಶ್ನೆಗಳು ಮೂರು. ನುಡಿಸುವವರು ಒಬ್ಬರನ್ನೊಬ್ಬರು ಕೇಳುತ್ತಿದ್ದಾರೆಯೆ? ಸಮರ್ಥನ ಸಾಮರ್ಥ್ಯವು ಅಸಮರ್ಥನನ್ನು ಮೇಲೆತ್ತುತ್ತಿದೆಯೆ, ಮುಚ್ಚಿಹಾಕುತ್ತಿದೆಯೆ? ಹೊಸಬನು ತನ್ನದೇ ಆದ ಧ್ವನಿಯೊಡನೆ ಬಂದಾಗ ಬಾಗಿಲು ತೆರೆದಿರುತ್ತದೆಯೆ? ಮೊದಲ ಎರಡರಲ್ಲಿ ತೇರ್ಗಡೆಯಾದ ಈ ಚಳವಳಿ ಮೂರನೆಯದರಲ್ಲಿ ಎಡವಿತೆಂದು ನಾವು ಹೇಳಬೇಕಾಗಿದೆ. ವೆಬ್‌ರ ಪೀಳಿಗೆಗೆ ಪ್ರೀತಿಯಾಗಿದ್ದ ಹಳೆಯ ಪದ್ಧತಿ ಅದರ ಅನುಯಾಯಿಗಳಲ್ಲಿ ಅನೇಕರಿಗೆ ಮತವಾಯಿತು. ಸ್ಯಾಕ್ಸೋಫೋನ್ ನ್ಯೂ ಆರ್ಲಿಯನ್ಸ್ ಪದ್ಧತಿಗೆ ಸೇರಿದುದಲ್ಲವೆಂದೂ ಅದಕ್ಕೆ ಮೇಳದಲ್ಲಿ ಸ್ಥಾನವಿಲ್ಲವೆಂದೂ ಅವರು ವಾದಿಸಿದರು. 1953ರಲ್ಲಿ ಲಿಟಲ್‌ಟನ್ ತಮ್ಮ ಮೇಳಕ್ಕೆ ಬ್ರೂಸ್ ಟರ್ನರ್ ಎಂಬ ಆಲ್ಟೋ ಸ್ಯಾಕ್ಸೋಫೋನ್ ವಾದಕರನ್ನು ಸೇರಿಸಿಕೊಂಡಾಗ, ಬರ್ಮಿಂಗ್‌ಹ್ಯಾಮಿನ ಪುರಭವನದಲ್ಲಿ ಕೆಲವರು ಶ್ರೋತೃಗಳು ಆ ವಾದಕರನ್ನು ನವೀನ ಪಂಥದ ಕೊಳಕನೆಂದು ಹಳಿದು, ಮನೆಗೆ ಹೋಗೆಂದು ಸಾರುವ ಬಟ್ಟೆಯ ಫಲಕವನ್ನೇ ಹಿಡಿದು ನಿಂತರು. ವೃತ್ತಿವಾದಕರು ಕಠಿನ ಸ್ವರಗುಚ್ಛಗಳಿಂದ ಮಾಡಿದ ಕೆಲಸವನ್ನು ಇವರು ಫಲಕದಿಂದ ಮಾಡಿದರು. ಆದರೆ ಮೊದಲನೆಯದರಿಂದ ಹೊಸ ಸಂಗೀತವಾದರೂ ಹುಟ್ಟಿತು; ಎರಡನೆಯದರಿಂದ ಹುಟ್ಟಿದುದು ಹಗೆ ಮಾತ್ರ.

ಇದಕ್ಕೆ ಪ್ರತಿಯಾಗಿ ಅದೇ ರೆಡ್ ಬಾರ್ನ್‌ನ ಎಡ್ಡಿ ಹಾರ್ವಿಯವರ ಬಾಳನ್ನು ಇಡಬಹುದು. ವೆಬ್‌ರ ಮೇಳದಲ್ಲಿ ಹಳೆಯ ಪದ್ಧತಿಯ ಟ್ರೋಂಬೋನ್ ನುಡಿಸಿದ ಅವರು 1950ರಲ್ಲಿ ನವೀನ ಪದ್ಧತಿಯ ಜಾನಿ ಡ್ಯಾಂಕ್‌ವರ್ಥ್ ಮೇಳವನ್ನು ಸೇರಿದರು. ಮುಂದೆ ಜಾಝ್ ಶಿಕ್ಷಣಕ್ಕೆ ತಮ್ಮನ್ನು ಕೊಟ್ಟುಕೊಂಡರು. ಹಳೆಯದನ್ನು ನಿಜವಾಗಿ ಕಲಿತವನಿಗೆ ಹೊಸದು ಶತ್ರುವಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ಬೇಕಿಲ್ಲ. ಒಂದೇ ಗೋಷ್ಠಿಯಿಂದ ಈ ಔದಾರ್ಯವೂ ಆ ಅಸಹನೆಯೂ ಕವಲೊಡೆದುವೆಂಬುದು ವಿಚಾರಾರ್ಹ. ಗೋಷ್ಠಿಯಲ್ಲಿ ಕಲಿತದ್ದು ಕೇಳುವ ವಿದ್ಯೆಯೆಂದು ತಿಳಿದವರು ಮುಂದೆ ಹೋದರು. ಕಲಿತದ್ದು ಒಂದು ಶೈಲಿಯೆಂದು ತಿಳಿದವರು ಅದರ ಕಾವಲಿಗೆ ನಿಂತರು.

ಇಂದೂ ಅನೇಕ ದೇಶಗಳ ಊರುಗಳಲ್ಲಿ ಹವ್ಯಾಸಿಗಳು ವಾರಕ್ಕೊಮ್ಮೆ ಸೇರಿ ಹೀಗೆ ನುಡಿಸುತ್ತಾರೆ. ಅವರಲ್ಲಿ ಬಹುಮಂದಿಯ ಹೆಸರು ಯಾವ ಇತಿಹಾಸದಲ್ಲಿಯೂ ಬರಲಾರದು. ಅವರ ಸಂಗೀತವನ್ನು ಮಹಾಕಲಾವಿದರ ಧ್ವನಿಮುದ್ರಿಕೆಗಳ ಪಕ್ಕದಲ್ಲಿಟ್ಟು ನೋಡಿದರೆ ಶ್ರುತಿ ಸಡಿಲ, ಲಯ ಭಾರ, ಕಲ್ಪನೆ ಮಿತ ಎಂಬ ಮಾತು ಸತ್ಯವೇ ಆಗಬಹುದು. ಆದರೆ ಧ್ವನಿಮುದ್ರಿಕೆಯನ್ನು ಕೇಳುವುದರಿಂದ ಮಾತ್ರ ಒಂದು ಸಂಗೀತ ಜೀವಂತವಾಗಿ ಉಳಿಯುವುದಿಲ್ಲ. ನುಡಿಸುತ್ತ ಕೇಳುವ, ಕೇಳುತ್ತ ನುಡಿಸುವ ಸಾಮಾನ್ಯ ಜನರು ಇರುವವರೆಗೆ ಅದು ಉಳಿಯುತ್ತದೆ. ಅಂಥವರನ್ನು ಉಂಟುಮಾಡುವ ಸಾಮರ್ಥ್ಯವೇ ಹವ್ಯಾಸಿ ಗೋಷ್ಠಿಯ ಕಲಾಮೌಲ್ಯ. ಅದನ್ನು ಅಳೆಯಬೇಕಾದುದು ಅಲ್ಲಿ ನುಡಿದ ಸ್ವರಗಳಿಂದಷ್ಟೇ ಅಲ್ಲ, ಬಾಗಿಲಲ್ಲಿ ಅಂಜುತ್ತ ನಿಂತ ಹೊಸಬನಿಗೆ ದೊರೆತ ಎಡೆಯಿಂದಲೂ ಎಂದು ನಾವು ಭಾವಿಸುತ್ತೇವೆ.