ಸಾವಕಾಶದ ಲೆಕ್ಕ

ಹಿಂದೂಸ್ತಾನಿ ಗಾಯನದ ವಿಲಂಬಿತ ಏಕತಾಳದ ಒಂದು ಆವರ್ತನಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, ಹಿಡಿಯುವ ಕಾಲವನ್ನು ಗಡಿಯಾರವಿಟ್ಟು ಅಳೆದರೆ, ಮಾತ್ರೆಯೊಂದಕ್ಕೆ ನಾಲ್ಕು ಸೆಕೆಂಡಿನಂತೆ ಹನ್ನೆರಡು ಮಾತ್ರೆಗಳಿಗೆ 48 ಸೆಕೆಂಡುಗಳಾಗುತ್ತವೆ. ಅತಿ ವಿಲಂಬಿತದಲ್ಲಿ ಹಾಡುವವರ ಆವರ್ತನವಾದರೆ ಒಂದು ನಿಮಿಷವನ್ನೂ ದಾಟಿಬಿಡುತ್ತದೆ. ತಾಳವೆಂದರೆ ಕೈ ತಟ್ಟಿ ಎಣಿಸುವ ಸಂಗತಿಯೆಂದು ತಿಳಿದು ಬಂದ ಹೊಸ ಕೇಳುಗನಿಗೆ ಇಲ್ಲಿ ತಟ್ಟಲು ಏನೂ ಸಿಗುವುದಿಲ್ಲ. ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ನಡುವೆ ಎದೆಬಡಿತ ನಾಲ್ಕೈದು ಬಾರಿ ಸಾಗಿರುತ್ತದೆ. 'ವಿಲಂಬಿತ' ಎಂಬ ಪದಕ್ಕೆ ಸಂಸ್ಕೃತದಲ್ಲಿ ತಡವಾದದ್ದು ಎಂಬ ಅರ್ಥದ ಜೊತೆಗೆ ಇಳಿಬಿದ್ದದ್ದು, ತೂಗುತ್ತಿರುವುದು ಎಂಬ ಅರ್ಥವೂ ಇರುವುದು ಇಲ್ಲಿ ಗಮನಾರ್ಹ. ಆದರೆ ಈ ಗಾಯನವನ್ನು ತಮ್ಮದಾಗಿಸಿಕೊಂಡ ಧಾರವಾಡ ಸೀಮೆಯ ಜನ ದಿನನಿತ್ಯ ಬಳಸುವ 'ಸಾವಕಾಶ' ಎಂಬ ಮಾತು ಇದಕ್ಕಿಂತಲೂ ಹೆಚ್ಚು ಹೊಂದುತ್ತದೆ. ನಿಧಾನ ಎಂಬುದೇ ಅದರ ಬಳಕೆಯ ಅರ್ಥವಾದರೂ, ಅವಕಾಶದಿಂದ ಕೂಡಿದ್ದು ಎಂಬುದು ಅದರ ಮೂಲ. ಮನೆಯಿಂದ ಹೊರಟ ಅತಿಥಿಗೆ 'ಸಾವಕಾಶ ಹೋಗ್ರಿ' ಎಂದು ಹೇಳುವವರು, ದಾರಿಯಲ್ಲಿ ನೋಡಲು, ಯೋಚಿಸಲು, ಬೇಕಾದರೆ ಹಿಂತಿರುಗಲು ಕೂಡ ಅವನಿಗೆ ಎಡೆಯಿರಲಿ ಎಂದೇ ಹಾರೈಸುತ್ತಾರೆ.

ಆ ಎಡೆಯಲ್ಲಿ ಗಾಯಕ ಮಾಡುವ ಕೆಲಸಕ್ಕೆ 'ಬಢತ್' ಎಂದು ಹೆಸರು. ರಾಗವನ್ನು ಒಂದೊಂದೇ ಸ್ವರದ ನೆಲೆಯಿಂದ ಮೇಲಕ್ಕೆ ಬೆಳೆಸಿಕೊಂಡು ಹೋಗುವ ಕ್ರಮ ಅದು. ಹಾಡಿನ ಸಾಹಿತ್ಯಕ್ಕೆ, ಅಂದರೆ 'ಬಂದಿಶ್'ಗೆ, ಎರಡು ನಾಲ್ಕು ಸಾಲಿಗಿಂತ ಹೆಚ್ಚು ಇರುವುದಿಲ್ಲ. ಅದರ ಮೊದಲ ತುಣುಕಾದ 'ಮುಖಡಾ' ಮಾತ್ರ ಆವರ್ತನದ ಕೊನೆಗೆ ಮರಳಿ ಬಂದು, ತಾಳದ ಮೊದಲ ಮಾತ್ರೆಯಾದ 'ಸಮ್' ಮೇಲೆ ಕೂಡುತ್ತದೆ. ತಬಲಾದವರ ಏಕತಾಳದ ಠೇಕಾದಲ್ಲಿ, ಅಂದರೆ ತಾಳವನ್ನು ಗುರುತಿಸುವ ಪೆಟ್ಟುಗಳ ನಿಗದಿತ ಕ್ರಮದಲ್ಲಿ, ನಾಲ್ಕನೆಯ ಮತ್ತು ಹತ್ತನೆಯ ಮಾತ್ರೆಗಳಲ್ಲಿ 'ತಿರಕಿಟ' ಎಂಬ ಒತ್ತಾದ ಬೋಲು ಬರುತ್ತದೆ. ಪಳಗಿದ ಕೇಳುಗರು ಎರಡನೆಯ ತಿರಕಿಟ ಕಿವಿಗೆ ಬಿದ್ದೊಡನೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುವುದು, ಮುಖಡಾ ಇನ್ನೇನು ಬರಲಿದೆ ಎಂಬ ಖಾತರಿಯಿಂದ.

ಈ ನಿಧಾನದಿಂದ ರಾಗಕ್ಕೆ ಏನು ಲಾಭ ಎಂಬುದಕ್ಕೆ ಭೂಪಾಲಿ ಮತ್ತು ದೇಶಕಾರ ಎಂಬ ಎರಡು ರಾಗಗಳು ಒಳ್ಳೆಯ ಸಾಕ್ಷ್ಯ ಒದಗಿಸುತ್ತವೆ. ಎರಡಕ್ಕೂ ಷಡ್ಜ, ರಿಷಭ, ಗಾಂಧಾರ, ಪಂಚಮ, ಧೈವತಗಳೆಂಬ ಅವೇ ಐದು ಸ್ವರಗಳು. ಕರ್ನಾಟಕ ಸಂಗೀತ ಬಲ್ಲವರಿಗೆ ಇವು ಮೋಹನದ ಸ್ವರಗಳು. ಆದರೂ ಭೂಪಾಲಿ ಸಂಜೆ ಕಳೆದ ಮೇಲಿನ ರಾಗ, ದೇಶಕಾರ ಬೆಳಗಿನದು. ಮೊದಲನೆಯದರಲ್ಲಿ ಗಾಂಧಾರ ಯಜಮಾನ, ಎರಡನೆಯದರಲ್ಲಿ ಧೈವತ. ಯಜಮಾನಿಕೆಯ ಈ ಸ್ವರವನ್ನು ಶಾಸ್ತ್ರ 'ವಾದಿ' ಎಂದು ಕರೆಯುತ್ತದೆ. ಭೂಪಾಲಿ ಹಾಡುತ್ತಿರುವವರು ಧೈವತದ ಮೇಲೆ ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು ನಿಂತರೆ ಸಾಕು, ರಾತ್ರಿಯ ಸಭೆಯಲ್ಲಿ ಬೆಳಗು ಹರಿದುಬಿಡುತ್ತದೆ. ಮಾರವಾ, ಪೂರಿಯಾ, ಸೋಹನಿ ಎಂಬ ಮೂರು ರಾಗಗಳ ಸಂಗತಿ ಇನ್ನೂ ಸೂಕ್ಷ್ಮ. ಕೋಮಲ ರಿಷಭ, ಶುದ್ಧ ಗಾಂಧಾರ, ತೀವ್ರ ಮಧ್ಯಮ, ಶುದ್ಧ ಧೈವತ, ಶುದ್ಧ ನಿಷಾದಗಳು ಮೂರಕ್ಕೂ ಸಮಾನ, ಪಂಚಮ ಮೂರಕ್ಕೂ ವರ್ಜ್ಯ. ಕರ್ನಾಟಕ ಪದ್ಧತಿಯ ಹಂಸಾನಂದಿಯದೂ ಇದೇ ಸ್ವರ ಸಂಪತ್ತು. ಸೂರ್ಯಾಸ್ತದ ಮಾರವಾ ರಿಷಭ ಧೈವತಗಳ ಮೇಲೆ ನಿಂತು, ಷಡ್ಜವನ್ನು ಮುಟ್ಟದೆ ಮುಂದೂಡುತ್ತ, ಮನೆ ಕಣ್ಣಿಗೆ ಕಾಣುತ್ತಿದ್ದರೂ ಹೊಸ್ತಿಲು ದಾಟದವರ ತಳಮಳವನ್ನು ಹುಟ್ಟಿಸುತ್ತದೆ. ಪೂರಿಯಾ ಗಾಂಧಾರ ನಿಷಾದಗಳ ಆಸರೆಯಲ್ಲಿ ಮಂದ್ರಕ್ಕಿಳಿದು ಗಂಭೀರವಾಗುತ್ತದೆ. ಸೋಹನಿ ಮೇಲಿನ ಷಡ್ಜದ ಸುತ್ತ ಚಡಪಡಿಸುತ್ತ ಇರುಳಿನ ಕೊನೆಯ ಜಾವಕ್ಕೆ ಸಲ್ಲುತ್ತದೆ.

ಕೈಗೆ ಸಿಕ್ಕ ಸ್ವರಗಳು ಒಂದೇ ಆಗಿರುವಾಗ ಎಲ್ಲಿ ನಿಲ್ಲಬೇಕು, ಎಲ್ಲಿ ಮುಟ್ಟಿ ಸರಿದುಬಿಡಬೇಕು, ಯಾವುದನ್ನು ಕೊನೆಯವರೆಗೆ ತಡೆಹಿಡಿಯಬೇಕು ಎಂಬ ತೀರ್ಮಾನಗಳೇ ರಾಗದ ವ್ಯಕ್ತಿತ್ವವನ್ನು ಕಟ್ಟುತ್ತವೆ ಎಂದಾದರೆ, ಕನ್ನಡದ ರಸಿಕರು ಇದನ್ನು ಕುರಿತು ಆಡುವ ಮಾತುಗಳೆಲ್ಲ ನೀತಿಯ ಕಣಜದಿಂದಲೇ ಬಂದಿರುವುದು ಆಕಸ್ಮಿಕವಲ್ಲ. 'ರಾಗಕ್ಕೆ ನ್ಯಾಯ ಸಲ್ಲಿಸಿದರು' ಎನ್ನುತ್ತಾರೆ, 'ರಾಗಶುದ್ಧಿ' ಎನ್ನುತ್ತಾರೆ, ತಪ್ಪಿದರೆ 'ರಾಗ ಕೆಟ್ಟಿತು' ಎಂದು ಮುಖ ಸಿಂಡರಿಸುತ್ತಾರೆ. ದ್ರುತಗತಿಯ ತಾನಿನಲ್ಲಿ, ಅಂದರೆ ಸ್ವರಗಳ ವೇಗದ ಸುರಿಮಳೆಯಲ್ಲಿ, ಎಲ್ಲವೂ ಕೊಚ್ಚಿಕೊಂಡು ಹೋಗುವುದರಿಂದ ಸಣ್ಣ ಅನ್ಯಾಯಗಳು ದಕ್ಕಿಬಿಡುತ್ತವೆ. ವಿಲಂಬಿತದಲ್ಲಿ ಮಾತ್ರ ಪ್ರತಿಯೊಂದು ನಿಲುಗಡೆಯೂ ಸಭೆಯ ಎದುರು ಬಯಲಾಗಿ, ಹಾಡಿದವರ ಹೆಸರಿಗೇ ಜಮೆಯಾಗುತ್ತದೆ.

ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಹೇಳುವ ಶ್ರೇಯಸ್ಸು ಮತ್ತು ಪ್ರೇಯಸ್ಸುಗಳ ವಿವೇಚನೆ ಇಲ್ಲಿ ನೆನಪಾಗುವುದು ಸಹಜ. ಶ್ರೇಯಸ್ಸು ಎಂದರೆ ಒಳಿತಾದದ್ದು, ಪ್ರೇಯಸ್ಸು ಎಂದರೆ ಹಿತವೆನಿಸುವಂಥದ್ದು. ಇವೆರಡೂ ಮನುಷ್ಯನ ಬಳಿಗೆ ಒಟ್ಟಿಗೆ ಬರುತ್ತವೆಂದೂ, ಧೀರನಾದವನು ಎರಡನ್ನೂ ಸುತ್ತಿ ಬಂದು ಪರೀಕ್ಷಿಸಿ ಬೇರ್ಪಡಿಸುತ್ತಾನೆಂದೂ ಅಲ್ಲಿನ ಅಭಿಪ್ರಾಯ. ಈ ಸುತ್ತಿ ಬರುವ ಕ್ರಿಯೆಗೆ ಕಾಲ ಬೇಕೆಂಬುದನ್ನು ವ್ಯಾಖ್ಯಾನಗಳು ಅಷ್ಟಾಗಿ ಒತ್ತಿ ಹೇಳದಿದ್ದರೂ, ಸಂಗೀತದ ಕೇಳುಗರಿಗೆ ಅದು ತಟ್ಟನೆ ಹೊಳೆಯುತ್ತದೆ. ಹತ್ತು ನಿಮಿಷದ ಬಢತ್ ಆದ ಕೂಡಲೇ ಚಪ್ಪಾಳೆಯ ಆಸೆಗೆ ತಾನಿಗೆ ಹಾರುವುದು, ತಬಲಾದೊಂದಿಗೆ ಪೈಪೋಟಿಗೆ ಬಿದ್ದು ಒಂದರ ಮೇಲೊಂದು ತಿಹಾಯಿ, ಅಂದರೆ ಮೂರು ಬಾರಿ ಮರುಕಳಿಸಿ ಸಮ್ಮಿಗೆ ಬಂದು ಬೀಳುವ ಚಮತ್ಕಾರದ ತುಣುಕು, ಒಗೆಯುತ್ತ ಹೋಗುವುದು ವೇದಿಕೆಯ ಮೇಲಿನ ಪ್ರೇಯಸ್ಸು. ಇಂದೋರಿನ ಅಮೀರ್ ಖಾನರು (1912–1974) ತಬಲಾದವರಿಂದ ಸಾದಾ ಠೇಕಾ ಮಾತ್ರ ಬಯಸಿ, ಹದಿನಾಲ್ಕು ಮಾತ್ರೆಯ ಝೂಮರಾ ತಾಳದಲ್ಲಿ ಹಾಡುತ್ತ ಈ ಎಲ್ಲ ಆಮಿಷಗಳಿಂದ ದೂರ ಉಳಿದರು. ಏಳು ಸ್ವರಗಳನ್ನು ಬದಲಿಸಿ ಬದಲಿಸಿ ಜೋಡಿಸಿದರೆ 5,040 ಕ್ರಮಗಳಾಗುತ್ತವೆಂಬ 'ಮೇರುಖಂಡ'ದ ಗಣಿತವನ್ನು ರಿಯಾಜಿನಲ್ಲಿ ಅರಗಿಸಿಕೊಂಡಿದ್ದವರು ಅವರು. ಅಷ್ಟೊಂದು ದಾರಿಗಳು ಗೊತ್ತಿದ್ದವರು ಅಷ್ಟು ಕಡಿಮೆ ದಾರಿಗಳಲ್ಲಿ ನಡೆದದ್ದೇ ಅವರ ಮಾರವಾದ ಧ್ವನಿಮುದ್ರಿಕೆಯ ತೂಕ.

ಅವಸರಕ್ಕೂ ನೀತಿಗೂ ಇರುವ ನಂಟನ್ನು ಅಳೆಯಲು ಹೊರಟ ಒಂದು ಪ್ರಯೋಗ 1973ರಲ್ಲಿ ಅಮೆರಿಕದಿಂದ ಪ್ರಕಟವಾಯಿತು. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಪ್ರಿನ್ಸ್‌ಟನ್ನಿನ ಕ್ರೈಸ್ತ ಧರ್ಮಶಾಸ್ತ್ರದ 40 ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡಲು ಕಳಿಸಿ, ಹಾದಿಯಲ್ಲಿ ಕುಸಿದು ಕುಳಿತು ಕೆಮ್ಮುತ್ತಿದ್ದ ಒಬ್ಬನನ್ನು ಇರಿಸಿದ್ದರು. ಬಿಡುವಾಗಿ ಹೊರಟವರಲ್ಲಿ ಶೇಕಡ 63 ಮಂದಿ ಅವನಿಗೆ ನೆರವಾದರು, ಸಾಧಾರಣ ಆತುರದವರಲ್ಲಿ ಶೇಕಡ 45 ಮಂದಿ, ಆಗಲೇ ತಡವಾಗಿದೆ ಎಂದು ಹೇಳಿ ಓಡಿಸಲ್ಪಟ್ಟವರಲ್ಲಿ ಶೇಕಡ 10 ಮಂದಿ ಮಾತ್ರ. ಈ ವಿದ್ಯಾರ್ಥಿಗಳಲ್ಲಿ ಕೆಲವರು ಮಾತನಾಡಬೇಕಿದ್ದ ವಿಷಯವೇ ದಾರಿಯಲ್ಲಿ ಬಿದ್ದವನಿಗೆ ನೆರವಾದ ಸಮಾರಿಯದವನ ಬೈಬಲ್ ಕತೆಯಾಗಿದ್ದರೂ, ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಪ್ರಯೋಗ ಚಿಕ್ಕದು, ಅದರ ಮೇಲೆ ಮನುಷ್ಯ ಸ್ವಭಾವದ ಸಿದ್ಧಾಂತವನ್ನೇ ಕಟ್ಟುವುದು ಸಲ್ಲದು. ಆದರೂ, ಓಡುತ್ತಿದ್ದವರು ಕೆಟ್ಟವರಾಗಿದ್ದರೆಂದಲ್ಲ, ಆಯ್ಕೆ ಮಾಡಬೇಕಾದ ಗಳಿಗೆ ಎದುರಾಗಿದೆಯೆಂಬುದೇ ಅವರಲ್ಲಿ ಹಲವರ ಅರಿವಿಗೆ ಬಂದಿರಲಾರದು ಎಂಬ ವಿವರಣೆ ಒಪ್ಪತಕ್ಕದ್ದು. ಧೈವತದ ಮೇಲೆ ತಪ್ಪಾಗಿ ನಿಂತವರಿಗೂ ಎಷ್ಟೋ ಸಲ ನಿಂತದ್ದು ಗೊತ್ತಾಗಿರುವುದಿಲ್ಲ.

ಇಷ್ಟು ಹೇಳಿದ ಮೇಲೆ, ನಿಧಾನವೇ ಸದ್ಗುಣವೆಂದು ಸಾರುವವರನ್ನು ತಡೆಯುವುದೂ ಅಗತ್ಯವಾಗುತ್ತದೆ. ಇಂದು ಕೇಳಸಿಗುವ ಅತಿ ವಿಲಂಬಿತಗಳಲ್ಲಿ ಹಲವು ಕೇವಲ ಆಲಸ್ಯ. ಮಾತ್ರೆಗಳ ನಡುವೆ ಜಾಗ ಮಾಡಿಕೊಂಡು, ಆ ಜಾಗದಲ್ಲಿ ಇಡಲು ಏನೂ ಇಲ್ಲದೆ ಕಣ್ಣು ಮುಚ್ಚಿ ಕೂರುವುದನ್ನು ಧ್ಯಾನವೆಂದು ಕರೆಯಲಾಗದು. ಇದಕ್ಕೆ ಪ್ರತಿಯಾಗಿ, ಕಿರಾನಾ ಘರಾಣೆಯ, ಅಂದರೆ ಆ ಹೆಸರಿನ ಗಾಯನ ಪರಂಪರೆಯ, ಅಬ್ದುಲ್ ಕರೀಂ ಖಾನರ (1872–1937) 78 ಆರ್‌ಪಿಎಂ ತಟ್ಟೆಗಳನ್ನು ಕೇಳಬಹುದು. ಅರಗಿನ ಆ ತಟ್ಟೆಯ ಒಂದು ಬದಿಗೆ ಮೂರು, ಮೂರೂವರೆ ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಅಷ್ಟರಲ್ಲೇ ಅವರ ಝಿಂಝೋಟಿ ಠುಮ್ರಿ ಎಲ್ಲಿಯೂ ಧಾವಂತವಿಲ್ಲದೆ ಸಾಗಿ ಮುಗಿಯುತ್ತದೆ, ಮತ್ತು ಗದಗಿನ ಅಂಗಡಿಯೊಂದರಲ್ಲಿ ಅದನ್ನು ಕೇಳಿದ ಬಾಲಕ ಭೀಮಸೇನ ಜೋಶಿ ಗುರುವನ್ನು ಅರಸಿ ಮನೆ ಬಿಟ್ಟು ಹೊರಟದ್ದು ಎಲ್ಲರಿಗೂ ತಿಳಿದ ಕತೆ. ಜೈಪುರ ಅತ್ರೌಲಿ ಘರಾಣೆಯ ಮಲ್ಲಿಕಾರ್ಜುನ ಮನ್ಸೂರರು (1910–1992) ಅತಿ ವಿಲಂಬಿತದ ಗೊಡವೆಗೇ ಹೋಗದೆ ಮಧ್ಯಲಯದ ಆಸುಪಾಸಿನಲ್ಲೇ ಹಾಡಿದರು, ಆದರೆ ಅವರ ಗಾಯನವನ್ನು ಅವಸರದ್ದೆಂದು ಕರೆದ ಕೇಳುಗರು ಸಿಗುವುದು ಕಷ್ಟ. ಸಾವಕಾಶ ಇರುವುದು ಮಾತ್ರೆಯ ಉದ್ದದಲ್ಲಿ ಅಲ್ಲ. ಮುಂದಿನ ಸ್ವರಕ್ಕೆ ಹೋಗುವ ಮೊದಲು ಈ ಸ್ವರದ ಬಾಕಿ ಚುಕ್ತಾ ಆಗಿದೆಯೇ ಎಂದು ಲೆಕ್ಕ ನೋಡಿಕೊಳ್ಳುವುದರಲ್ಲಿ.

ಕರೀಂ ಖಾನರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರು (1886–1952) ಪಾಠ ಹೇಳುತ್ತಿದ್ದ ಬಗೆಯೂ ಇದೇ ಲೆಕ್ಕದ್ದು. ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಹೋಗಿ ಅವರಲ್ಲಿ ಕಲಿತು, ರಾತ್ರಿಯ ರೈಲಿಗೆ ಮರಳುತ್ತಿದ್ದ ಗಂಗೂಬಾಯಿ ಹಾನಗಲ್ಲರು (1913–2009) ಬೆರಳೆಣಿಕೆಯ ಸ್ವರಗುಚ್ಛಗಳನ್ನೇ ದಿನಗಟ್ಟಲೆ ತಿದ್ದಬೇಕಾಗುತ್ತಿತ್ತು. ಅವರು ಕಲಿತ ರಾಗಗಳ ಸಂಖ್ಯೆ ದೊಡ್ಡದಲ್ಲ, ಆದರೆ ಅವರು ಹಾಡಿದ ಷಡ್ಜದ ಮೇಲೆ ಮನೆ ಕಟ್ಟಬಹುದಾಗಿತ್ತು. ಬೆಳಗಾವಿ ಜಿಲ್ಲೆಯ ಸೂಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರದು (1924–1992) ಬೇರೆಯದೇ ಪ್ರಕರಣ. 1940ರ ದಶಕದ ಕೊನೆಗೆ ಕ್ಷಯರೋಗ ತಗಲಿ, ಹಾಡಲೇಕೂಡದೆಂಬ ವೈದ್ಯರ ಕಟ್ಟಪ್ಪಣೆಯಲ್ಲಿ ವರ್ಷಗಟ್ಟಲೆ ದೇವಾಸಿನಲ್ಲಿ ಮಲಗಿದ್ದ ಅವರಿಗೆ ಬಿಡುವು ತಾವಾಗಿ ಆರಿಸಿಕೊಂಡದ್ದಾಗಿರಲಿಲ್ಲ. ಅದರೊಳಗೆ ಏನು ಮಾಡಬೇಕೆಂಬುದು ಮಾತ್ರ ಅವರ ಆಯ್ಕೆಯಾಗಿತ್ತು. ಹೊರಗಿನ ಬೀದಿಯಿಂದ ಬರುತ್ತಿದ್ದ ಮಾಳವದ ಜನಪದ ಧಾಟಿಗಳನ್ನು ಅವರು ಕಿವಿಯಲ್ಲೇ ತಿರುತಿರುಗಿಸಿ, ಗುಣವಾದ ಮೇಲೆ ಅವುಗಳಿಂದ 'ಧುನ್ ಉಗಮ' ರಾಗಗಳನ್ನು, ಅಂದರೆ ಧಾಟಿಯಿಂದ ಹುಟ್ಟಿದ ರಾಗಗಳನ್ನು ಕಟ್ಟಿದರು. ರೋಗದಿಂದೆದ್ದವರ ಗಾಯನ ಚಿಕ್ಕ ಚಿಕ್ಕ ಉಸಿರಿನ ಚುರುಕು ತುಣುಕುಗಳದ್ದಾಯಿತೇ ಹೊರತು ದೀರ್ಘ ವಿಲಂಬಿತದ್ದಲ್ಲ. ನಿಧಾನವೆಲ್ಲ ಕೇಳುವುದರಲ್ಲಿ ಮೊದಲೇ ಖರ್ಚಾಗಿತ್ತು.

ಕೇಳುಗನ ಪಾಲಿನ ಆಯ್ಕೆಗಳು ಈಗ ಇಕ್ಕಟ್ಟಾಗಿವೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲು ಸಭೆಗಳಲ್ಲಿ ಸಾಮಾನ್ಯವಾಗಿ ರಾತ್ರಿ 10ರ ನಂತರ ಧ್ವನಿವರ್ಧಕ ಬಳಸುವಂತಿಲ್ಲವಾದ್ದರಿಂದ, ಅಹೋರಾತ್ರಿ ಸಂಗೀತೋತ್ಸವಗಳೊಂದಿಗೆ ಸೋಹನಿಯಂಥ ಕೊನೆಯ ಜಾವದ ರಾಗಗಳೂ ತಮ್ಮ ಹೊತ್ತನ್ನು ಕಳೆದುಕೊಂಡಿವೆ. ನೆರೆಹೊರೆಯ ನಿದ್ದೆಯೂ ಒಂದು ನ್ಯಾಯವೇ ಆಗಿರುವಾಗ ದೂರುವುದು ಯಾರನ್ನು? ಮೊಬೈಲಿನಲ್ಲಿ ಹಾಡಿನ ಉದ್ದವನ್ನು ತೋರಿಸುವ ಗೆರೆಯ ಮೇಲೆ ಬೆರಳು ಜಾರಿಸಿ ಬಢತ್ ದಾಟಿ ನೇರ ದ್ರುತಕ್ಕೆ ನೆಗೆಯುವ ಅನುಕೂಲದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಸಭೆಯಲ್ಲಿ ಎಲ್ಲಕ್ಕಿಂತ ಹೆಚ್ಚು ವ್ಯರ್ಥವಾಗುವ ಹೊತ್ತೆಂದರೆ ತಂಬೂರಿ ಕೂಡಿಸುವ ಹೊತ್ತು. ಕಛೇರಿ ಇನ್ನೂ ಶುರುವಾಗಿಲ್ಲವೆಂದು ಎಣಿಸಿ ಜನ ಕುಶಲ ವಿಚಾರಿಸುತ್ತಿರುವಾಗ, ವೇದಿಕೆಯ ಮೇಲೆ ಗಾಯಕರು ಬಿರಡೆ ತಿರುಗಿಸಿ, ಮಣಿ ಸರಿಸಿ, ಕುದುರೆಗೂ ತಂತಿಗೂ ನಡುವೆ ತೂರಿಸಿದ ದಾರದ ಎಳೆಯನ್ನು ಕೂದಲೆಳೆಯಷ್ಟು ಆಚೀಚೆ ಜರುಗಿಸುತ್ತಿರುತ್ತಾರೆ. ತಂತಿಗೆ ಝೇಂಕಾರದ ಹೊಳಪು ಕೊಡುವ ಈ ಏರ್ಪಾಟಿಗೆ 'ಜವಾರಿ' ಎಂದು ಹೆಸರು. ಉತ್ತರ ಕರ್ನಾಟಕದ ಸಂತೆಯಲ್ಲಿ ಬದನೆಕಾಯಿಗೂ ಕೋಳಿಗೂ ಹೇಳುವ 'ಜವಾರಿ'ಗೂ ಇದಕ್ಕೂ ಸಂಬಂಧವಿಲ್ಲ, ರುಚಿಯೊಂದನ್ನು ಬಿಟ್ಟರೆ. ನಾಲ್ಕು ತಂತಿಗಳಲ್ಲಿ ಮೂರು ಷಡ್ಜಕ್ಕೆ ಮೀಸಲು, ಮೊದಲನೆಯದು ಸಾಮಾನ್ಯವಾಗಿ ಪಂಚಮಕ್ಕೆ. ಮಾರವಾದಲ್ಲಿ ಪಂಚಮ ಇಲ್ಲದಿರುವುದರಿಂದ ಆ ತಂತಿಯನ್ನು ನಿಷಾದಕ್ಕೋ ಧೈವತಕ್ಕೋ ಕೂಡಿಸಬೇಕಾಗುತ್ತದೆ, ಮತ್ತು ಸಂಜೆಯ ಸಭೆಯಲ್ಲಿ ಆ ಒಂದು ತಂತಿ ಪಂಚಮವನ್ನು ಬಿಟ್ಟು ಮೆಲ್ಲಗೆ ಮೇಲೇರುವುದನ್ನು ಕೇಳಿಸಿಕೊಂಡ ಮುಂದಿನ ಸಾಲಿನ ಒಬ್ಬಿಬ್ಬರು, ಮುಖಡಾ ಬರಲು ಇನ್ನೂ ಬಹಳ ಹೊತ್ತು ಇರುವಾಗಲೇ, ಮಾತು ನಿಲ್ಲಿಸಿ ಕಾಲು ಮಡಿಸಿಕೊಂಡು ಕೂತಿರುತ್ತಾರೆ.