ಕಾಂಡಿನ್‌ಸ್ಕಿಯ ಒಂದು ಜಲವರ್ಣ: ಬಣ್ಣದ ಸತ್ಯ, ದಿನಾಂಕದ ಸಂದೇಹ

ವಸ್ತುರೂಪವಿಲ್ಲದ ಚಿತ್ರವನ್ನು ಕಂಡೊಡನೆ ನಮ್ಮಂಥವರು ಕೇಳುವ ಮೊದಲ ಪ್ರಶ್ನೆ, 'ಇದೇನು?' ಎಂಬುದು. ಜವಳಿ ವ್ಯಾಪಾರದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಈ ಪ್ರಶ್ನೆಯ ವ್ಯರ್ಥತೆ ತಡವಾಗಿ ಹೊಳೆಯಿತು. ಸೀರೆಯ ಒಡಲಿನ ನೀಲಿಯನ್ನು ಅಂಚಿನ ಕೆಂಪಿನೊಡನೆ ಹಗಲು ಬೆಳಕಿಗೆ ಹಿಡಿದು ಪರೀಕ್ಷಿಸುವ ಗೃಹಿಣಿ, ಆ ನೀಲಿ ಯಾವ ವಸ್ತುವಿನದೆಂದು ಎಂದೂ ಕೇಳಿದವಳಲ್ಲ. ಅವಳು ನೋಡುವುದು ಎರಡು ವರ್ಣಗಳ ಹೊಂದಾಣಿಕೆಯನ್ನು ಮಾತ್ರ.

ವಾಸಿಲಿ ಕಾಂಡಿನ್‌ಸ್ಕಿ (೧೮೬೬-೧೯೪೪) ಮಾಸ್ಕೋದಲ್ಲಿ ನ್ಯಾಯಶಾಸ್ತ್ರ ಹಾಗೂ ಅರ್ಥಶಾಸ್ತ್ರಗಳನ್ನು ಓದಿದವನು. ೧೮೯೬ರಲ್ಲಿ, ಸುಮಾರು ಮೂವತ್ತರ ವಯಸ್ಸಿನಲ್ಲಿ, ಅಧ್ಯಾಪನದ ಆಹ್ವಾನವನ್ನು ತೊರೆದು ಚಿತ್ರಕಲೆಗಾಗಿ ಮ್ಯೂನಿಕ್ ಸೇರಿದನು. ವಾಣಿಜ್ಯ ಪದವೀಧರನಾದ ನನ್ನಲ್ಲಿ ಈ ಸಂಗತಿ ಕೊಂಚ ಪಕ್ಷಪಾತವನ್ನು ಹುಟ್ಟಿಸಿದ್ದರೆ ವಾಚಕರು ಮನ್ನಿಸಬೇಕು.

ಪ್ಯಾರಿಸ್ಸಿನ ಪಾಂಪಿಡು ಕೇಂದ್ರದಲ್ಲಿರುವ ಅವನ ಹೆಸರಿಲ್ಲದ ಜಲವರ್ಣಚಿತ್ರವನ್ನು ನಾನು ಬಲ್ಲುದು ಮುದ್ರಿತ ಪ್ರತಿಯಿಂದ. ಸುಮಾರು ೫೦ ಸೆಂ.ಮೀ. ಎತ್ತರ, ೬೫ ಸೆಂ.ಮೀ. ಅಗಲದ ಕಾಗದ. ಅಲ್ಲಿ ದಿಗಂತವಿಲ್ಲ, ಕೇಂದ್ರವಿಲ್ಲ. ಕೆಂಪು, ನೀಲಿ, ಮಾಸಲು ಹಸಿರುಗಳ ತೇಪೆಗಳು. ಅವುಗಳ ನಡುವೆ ಶಾಯಿಯ ಚುರುಕಾದ ಗೀರುಗಳು. ಬಣ್ಣ ಹರಡಿ ಮೆತ್ತಗಾಗುವಲ್ಲಿ ಗೀರು ಬಂದು ಅದನ್ನು ಎಚ್ಚರಿಸುತ್ತದೆ. ಗೀರು ಒರಟಾಗುವಲ್ಲಿ ತೆಳುವರ್ಣ ಅದನ್ನು ಸಂತೈಸುತ್ತದೆ. ಜಲವರ್ಣದಲ್ಲಿ ಕಾಗದದ ಬಿಳುಪೇ ಬೆಳಕು. ಆದುದರಿಂದ ಇಲ್ಲಿ ಖಾಲಿ ಬಿಟ್ಟ ಸ್ಥಳವೂ ಬಳಿದ ಸ್ಥಳದಷ್ಟೇ ದುಡಿಯುತ್ತದೆ. ತೈಲವರ್ಣದಲ್ಲಿ ತಪ್ಪಿನ ಮೇಲೆ ಮತ್ತೊಂದು ಲೇಪವನ್ನು ಹಾಕಬಹುದು. ಇಲ್ಲಿ ಒಮ್ಮೆ ಇಳಿದ ಬಣ್ಣವನ್ನು ಹಿಂತೆಗೆಯುವುದು ಬಹು ಕಷ್ಟ.

ಹಳದಿ ನೋಡುವವನತ್ತ ಮುನ್ನುಗ್ಗುತ್ತದೆ, ನೀಲಿ ಒಳಸರಿಯುತ್ತದೆ ಎಂದು ಕಾಂಡಿನ್‌ಸ್ಕಿ ೧೯೧೧ರ ಕೊನೆಯಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಾದಿಸಿದನು. ಒಂಟಿ ವರ್ಣಕ್ಕೆ ಹೀಗೆ ಸ್ಥಿರಗುಣವನ್ನು ಆರೋಪಿಸುವುದು ನನಗೆ ಒಪ್ಪಿಗೆಯಿಲ್ಲ. ನೆರೆಯ ಬಣ್ಣ ಬದಲಾದರೆ ಅದೇ ನೀಲಿಯ ನಡತೆಯೂ ಬದಲಾಗುವುದನ್ನು ಅಂಗಡಿಯ ಮಣೆಯ ಮೇಲೆ ನಿತ್ಯವೂ ಕಂಡಿದ್ದೇನೆ. ಅವನ ಚಿತ್ರವೇ ಅವನ ಸಿದ್ಧಾಂತಕ್ಕಿಂತ ಹೆಚ್ಚು ಬಲ್ಲುದು.

ಇನ್ನು ಒಂದು ಅಪ್ರಿಯ ವಿಷಯ. ಚಿತ್ರದ ಮೇಲೆ ಕಲಾವಿದನ ಹಸ್ತಾಕ್ಷರದೊಡನೆ ೧೯೧೦ ಎಂದಿದೆ. ಅದರ ಬಲದಿಂದಲೇ 'ಮೊತ್ತಮೊದಲ ಅಮೂರ್ತ ಜಲವರ್ಣ' ಎಂಬ ಕೀರ್ತಿ ಇದಕ್ಕೆ ಸಂದಿತು. ಆದರೆ ಇದು ೧೯೧೩ರ 'ಕಂಪೋಸಿಷನ್ ೭' ಎಂಬ ಬೃಹತ್ ಚಿತ್ರದ ಪೂರ್ವಸಿದ್ಧತೆಯೆಂದೂ, ದಿನಾಂಕವನ್ನು ತರುವಾಯ ಬರೆದದ್ದೆಂದೂ ಅನೇಕ ವಿದ್ವಾಂಸರ ಅಭಿಪ್ರಾಯ. ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ ಎಂಬಾಕೆಯಂತೂ ೧೯೦೬ರಲ್ಲೇ ಅಮೂರ್ತದತ್ತ ಹೊರಳಿದ್ದಳು. ಅದು ಮರೆವೋ, ಅಗ್ರಸ್ಥಾನದ ಆಸೆಯೋ, ನಿರ್ಣಯಿಸುವ ಅಧಿಕಾರ ನನಗಿಲ್ಲ. ಆದರೂ ಮೊತ್ತ ಸರಿಯಿದ್ದ ಮಾತ್ರಕ್ಕೆ ಹಿಂದಿನ ತಾರೀಖಿನ ಜಮೆಯನ್ನು ಯಾವ ಲೆಕ್ಕಿಗನೂ ಒಪ್ಪಲಾರ.

ಇದನ್ನು ತಿಳಿದ ಮೇಲೆ ಕೆಲವು ದಿನ ಆ ಪುಟವನ್ನು ತೆರೆಯಲು ಮನಸ್ಸಾಗಲಿಲ್ಲ. ಮತ್ತೆ ತೆರೆದಾಗ ನೀಲಿ ಇದ್ದಲ್ಲೇ ಇತ್ತು, ಕೆಂಪು ಅದರ ಬದಿಯಲ್ಲಿ ಹಿಂದಿನಂತೆಯೇ ಮಿಡಿಯುತ್ತಿತ್ತು. ಚಿತ್ರದ ಕೆಳಗಿನ 'ಮೊತ್ತಮೊದಲ' ಎಂಬ ಪದವನ್ನು ಮಾತ್ರ ಪೆನ್ಸಿಲಿನಿಂದ ಹೊಡೆದುಹಾಕಿ, ಪಕ್ಕದಲ್ಲಿ ೧೯೧೩ ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆಯನ್ನು ಇಟ್ಟಿದ್ದೇನೆ.