ಕಾರ್ಯಾಚರಣ ವ್ಯವಸ್ಥೆ ಬದಲಾದಾಗ ಉಳಿಯುವುದೇನು?

ನಿಮ್ಮ ಶಾಲೆ ಅಥವಾ ಕಾಲೇಜಿನ ಗಣಕದಲ್ಲಿ ಹದಿನೈದು ವರ್ಷಗಳ ಹಿಂದೆ ಸಿದ್ಧಪಡಿಸಿದ ಕನ್ನಡ ಪ್ರಶ್ನೆಪತ್ರಿಕೆಯೊಂದು ಇದೆಯೆ? ಇದ್ದರೆ ಮುಂದೆ ಓದುವ ಮೊದಲು ಅದನ್ನು ಬೇರೊಂದು ಗಣಕದಲ್ಲಿ, ಸಾಧ್ಯವಾದರೆ ನಿಮ್ಮ ಮೊಬೈಲ್ ಫೋನಿನಲ್ಲಿ ತೆರೆದು ನೋಡಿ. ಕನ್ನಡವು ಕನ್ನಡವಾಗಿಯೇ ಕಂಡರೆ ನೀವು ಮುಂದಾಲೋಚನೆ ಉಳ್ಳವರು. ಇಂಗ್ಲಿಷ್ ಅಕ್ಷರಗಳೂ ಪೌಂಡಿನ ಚಿಹ್ನೆಗಳೂ ಕಲಸಿಹೋದ ಗೋಜಲು ಕಂಡರೆ ಈ ಲೇಖನ ನಿಮಗಾಗಿಯೇ.

ಗಣಕದ ಯಂತ್ರಾಂಶಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ನಡೆಸುವುದು ಕಾರ್ಯಾಚರಣ ವ್ಯವಸ್ಥೆ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ನೋಂದಾಯಿಸಿಕೊಂಡ ಬಳಕೆದಾರರಿಗೆ ಇನ್ನೊಂದು ವರ್ಷ ಭದ್ರತಾ ಪರಿಷ್ಕರಣೆಗಳನ್ನು ಒದಗಿಸುವ ಏರ್ಪಾಡಾಯಿತು. ಬೆಂಬಲ ನಿಂತ ಮಾತ್ರಕ್ಕೆ ಗಣಕ ನಿಲ್ಲುವುದಿಲ್ಲ. ಆದರೆ ಆನಂತರ ಪತ್ತೆಯಾಗುವ ಭದ್ರತಾ ದೋಷಗಳಿಗೆ ತೇಪೆ ಸಿಗುವುದಿಲ್ಲ. ಅಂತರಜಾಲಕ್ಕೆ ಜೋಡಿಸಿದ ಗಣಕಕ್ಕೆ ಇದು ಅಪಾಯ.

ಮುಂದಿನ ಆವೃತ್ತಿಯಾದ ವಿಂಡೋಸ್ 11, 2021ರಿಂದಲೇ ಇದೆ. ಅದಕ್ಕೆ ಟಿಪಿಎಂ 2.0 ಎಂಬ, ಗೂಢಲಿಪಿಯ ಕೀಲಿಗಳನ್ನು ಕಾಪಾಡುವ ಘಟಕ ಬೇಕು. ಸಂಸ್ಥೆಯ ಪಟ್ಟಿಯಲ್ಲಿರುವ ಪ್ರೊಸೆಸರೇ ಬೇಕು. ಇಂಟೆಲ್‌ನವಾದರೆ ಹೆಚ್ಚುಕಡಿಮೆ 2017ರಿಂದ ಈಚಿನವು. ಭದ್ರತೆಯ ದೃಷ್ಟಿಯಿಂದ ಈ ಷರತ್ತುಗಳಿಗೆ ಸಮರ್ಥನೆ ಇದೆ. ಆದರೆ ಅಂಕಿಪಟ್ಟಿ ಮಾಡಲು, ಆಲೇಖ ಎಳೆಯಲು, ಟಿಪ್ಪಣಿ ಬರೆಯಲು ಧಾರಾಳವಾಗಿ ಸಾಲುವ ಯಂತ್ರಗಳೂ ಇದರಿಂದ ಅನರ್ಹವಾಗುತ್ತವೆ. ಹೊಸ ಗಣಕಗಳಿಗೆ ಅನುದಾನಕ್ಕಾಗಿ ವರ್ಷಗಟ್ಟಲೆ ಕಾಯುವ ನಮ್ಮಂಥ ಕಾಲೇಜುಗಳ ಮಟ್ಟಿಗೆ ಇದು ಈ ವ್ಯವಸ್ಥೆಯ ದೊಡ್ಡ ಕೊರತೆ.

ದಾವಣಗೆರೆಯ ನಮ್ಮ ಕಾಲೇಜಿನ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಹಳೆಯ ಗಣಕಗಳನ್ನು ಎಸೆಯುವ ಬದಲು ಅವುಗಳಿಗೆ ಲಿನಕ್ಸ್ ಅಳವಡಿಸಿದೆವು. ಮೊದಲ ವಾರ ತಡಕಾಟವೇ. 'ಸಿ' ಡ್ರೈವ್ ಎಲ್ಲಿ ಎಂದು ವಿದ್ಯಾರ್ಥಿಗಳು ಹುಡುಕಿದರು, ನಾನೂ ಹುಡುಕಿದೆ. ಎರಡನೆಯ ವಾರಕ್ಕೆ ಕೆಲಸ ಸಾಗತೊಡಗಿತು. ನವದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ ರೂಪಿಸಿದ 'ಎಕ್ಸ್‌ಪೈಸ್' ಎಂಬ ಪ್ರಯೋಗ ಸಲಕರಣೆ ಲಿನಕ್ಸ್‌ನಲ್ಲಿ ಸೊಗಸಾಗಿ ನಡೆಯುತ್ತದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೂ ಅದರಲ್ಲಿ ಲಭ್ಯವಿರುವುದರಿಂದ 'ನುಡಿ'ಗೆ ಒಗ್ಗಿದ ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ಹಾಗೆಂದು ಲಿನಕ್ಸ್ ದೋಷರಹಿತವಲ್ಲ. ಕೆಲವು ಮುದ್ರಕಗಳು ಹಟ ಹಿಡಿಯುತ್ತವೆ. ಉಪಕರಣದ ತಯಾರಕರು ವಿಂಡೋಸ್‌ಗೆ ಮಾತ್ರ ತಂತ್ರಾಂಶ ಕೊಟ್ಟಿದ್ದರೆ ಅಲ್ಲಿಗೇ ನಿಲ್ಲಬೇಕಾಗುತ್ತದೆ. ಒಂದು ಹಳೆಯ ಎಣಿಕೆ ಉಪಕರಣಕ್ಕಾಗಿ ವಿಂಡೋಸ್ ಇರುವ ಗಣಕವೊಂದನ್ನು ಅಂತರಜಾಲದ ಸಂಪರ್ಕ ತಪ್ಪಿಸಿ ಹಾಗೆಯೇ ಉಳಿಸಿಕೊಂಡಿದ್ದೇವೆ.

ನಿಜವಾದ ಸಂಕಟ ಬಂದದ್ದು ಬೇರೆ ದಿಕ್ಕಿನಿಂದ. ಹರಿಹರದಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಹೇಳುವ ಗೆಳೆಯರೊಬ್ಬರು ತಮ್ಮ ಗಣಕಕ್ಕೂ ಲಿನಕ್ಸ್ ಹಾಕಿಸಿಕೊಂಡಿದ್ದರು. ಒಂದು ಸಂಜೆ ಪೆನ್‌ಡ್ರೈವ್ ಹಿಡಿದು ಬಸ್ಸಿನಲ್ಲಿ ಬಂದರು. "ಸಾರ್, ಇಪ್ಪತ್ತು ವರ್ಷದ ಪ್ರಶ್ನೆಗಳೆಲ್ಲ ಹೋದವು" ಎಂದರು. ಕಡತಗಳು ಇದ್ದವು, ತೆರೆಯುತ್ತಲೂ ಇದ್ದವು. ಆದರೆ ಓದಲು ಬರುತ್ತಿರಲಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗಾಗಿ ಅವರು ಕನ್ನಡದಲ್ಲಿ ಬರೆದ ಟಿಪ್ಪಣಿಗಳೂ ಅದರಲ್ಲೇ ಸೇರಿದ್ದವು. "ಈ ಲಿನಕ್ಸ್ ಸಹವಾಸ ಬೇಡ, ಹಳೆಯದನ್ನೇ ಹಾಕಿಕೊಡಿ" ಎಂಬುದು ಅವರ ಬೇಡಿಕೆ.

ತಪ್ಪು ಲಿನಕ್ಸ್‌ನದೇ? ನೋಡೋಣ. ಗಣಕಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಒಂದು ಬೈಟಿನಲ್ಲಿ 256 ಸಂಖ್ಯೆಗಳಿಗಷ್ಟೇ ಜಾಗ. ಅವುಗಳಲ್ಲಿ 80 ಎಂದರೆ ಇಂಗ್ಲಿಷಿನ ದೊಡ್ಡ 'ಪಿ'. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಿಂದಿನ ಫಾಂಟುಗಳಲ್ಲಿ ಇದೇ 80ರ ಸ್ಥಾನದಲ್ಲಿ ತಲೆಕಟ್ಟಿಲ್ಲದ 'ಕ'ದ ಚಿತ್ರವನ್ನೂ 192ರ ಸ್ಥಾನದಲ್ಲಿ ತಲೆಕಟ್ಟನ್ನೂ ಕೂರಿಸಲಾಗಿತ್ತು. 'ಕ' ಎಂದರೆ 80, 192. 'ಕಿ' ಎಂಬುದಕ್ಕೆ ಪ್ರತ್ಯೇಕವಾಗಿ 81. ಅಂದರೆ ಕಡತದಲ್ಲಿ ಇದ್ದದ್ದು ಕನ್ನಡವಲ್ಲ, ಕನ್ನಡದ ತುಂಡುಚಿತ್ರಗಳ ಕ್ರಮಸಂಖ್ಯೆಗಳು. ಫಾಂಟು ತೆಗೆದರೆ ಇಂಗ್ಲಿಷಿನ ಗೋಜಲು ಹೊರಬೀಳುತ್ತದೆ. ಅಂದಿನ ಗಣಕಗಳ ಮಿತಿಯೊಳಗೆ ಕನ್ನಡವನ್ನು ಪರದೆಯ ಮೇಲೆ ತಂದ ಜಾಣ್ಮೆಯ ಉಪಾಯವದು. ಅದಿಲ್ಲದಿದ್ದರೆ ಆ ದಿನಗಳಲ್ಲಿ ಗಣಕದಲ್ಲಿ ಕನ್ನಡವೇ ಇರುತ್ತಿರಲಿಲ್ಲ.

ಯೂನಿಕೋಡ್ ಮಾಡುವುದೇ ಬೇರೆ. ಅದರಲ್ಲಿ 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೇ ಮೀಸಲು. 'ಕ' ಎಂದರೆ 3221. 'ಕಿ' ಎಂದರೆ 3221ರ ಮುಂದೆ ಗುಡಿಸಿನ ಸಂಖ್ಯೆ 3263. ಈ ಸಂಖ್ಯೆ ಚಿತ್ರಕ್ಕೆ ಕೊಟ್ಟದ್ದಲ್ಲ, ಅಕ್ಷರಕ್ಕೇ ಕೊಟ್ಟದ್ದು. ವಿಂಡೋಸ್, ಲಿನಕ್ಸ್, ಮೊಬೈಲ್ ಯಾವುದೇ ಇರಲಿ, 3221 ಎಂದರೆ 'ಕ'ವೇ. ಭೌತವಿಜ್ಞಾನದ ಭಾಷೆಯಲ್ಲಿ ಹೇಳುವುದಾದರೆ, ನಿರ್ದೇಶಾಂಕ ವ್ಯವಸ್ಥೆ ಬದಲಾದರೂ ಬದಲಾಗದ ಪರಿಮಾಣವಿದು.

ಹಳೆಯ ಫಾಂಟನ್ನೇ ಮತ್ತೆ ಹಾಕಿದರೆ ಸಾಲದೆ ಎಂದು ನೀವು ಕೇಳಬಹುದು. ಕಣ್ಣಿಗೆ ಕನ್ನಡ ಕಾಣುತ್ತದೆ, ನಿಜ. ಆದರೆ ಪದ ಹುಡುಕಲು, ಅಕಾರಾದಿಯಾಗಿ ಜೋಡಿಸಲು ಆಗುವುದಿಲ್ಲ. ದೃಷ್ಟಿ ಇಲ್ಲದ ವಿದ್ಯಾರ್ಥಿಗೆ ಪಠ್ಯವನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶ ಅದನ್ನು ಓದಲಾರದು. ಆದ್ದರಿಂದ ಕಡತಗಳನ್ನು ಪರಿವರ್ತಿಸಲೇಬೇಕೆಂದು ನಿರ್ಧರಿಸಿದೆವು.

ಪರಿವರ್ತಕ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಗದ್ಯ ನಿಮಿಷಗಳಲ್ಲಿ ಮುಗಿಯಿತು. ತೊಡಕಾದದ್ದು ಸೂತ್ರಗಳಲ್ಲಿ. ಬರಿಯ ಪಠ್ಯವನ್ನಷ್ಟೇ ನೋಡುವ ಪರಿವರ್ತಕಕ್ಕೆ 80 ಎಂಬುದು ಕನ್ನಡದ ತುಂಡೋ ಒತ್ತಡವನ್ನು ಸೂಚಿಸುವ 'ಪಿ'ಯೋ ತಿಳಿಯದು. ಆದರ್ಶ ಅನಿಲದ ಸಮೀಕರಣದಲ್ಲಿ ಒತ್ತಡವಿರಬೇಕಾದ ಕಡೆ 'ಕ್' ಬಂದು ಕುಳಿತಿತ್ತು! ಇಂಥವನ್ನು ಕಣ್ಣಿಟ್ಟು ಒಂದೊಂದಾಗಿ ತಿದ್ದಬೇಕಾಯಿತು. ಬಳಕೆ ತಪ್ಪಿದ ಪುಟವಿನ್ಯಾಸ ತಂತ್ರಾಂಶವೊಂದರಲ್ಲಿದ್ದ ಕೆಲವು ಕಡತಗಳು ದಕ್ಕಲೇ ಇಲ್ಲ. ಮುದ್ರಿತ ಪ್ರತಿ ಇದ್ದವನ್ನು ಮತ್ತೆ ಬೆರಳಚ್ಚು ಮಾಡಿದೆವು, ಇಲ್ಲದವು ಹೋದವು.

ಈಗ ವಿಮರ್ಶೆಯ ಮುಖ್ಯ ಮಾತಿಗೆ ಬರೋಣ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲೇ ಯೂನಿಕೋಡ್ ಕನ್ನಡವಿತ್ತು, ಅದಕ್ಕೆ 'ತುಂಗಾ' ಎಂಬ ಫಾಂಟೂ ಇತ್ತು. ನುಡಿ, ಬರಹಗಳೂ ಮುಂದೆ ಯೂನಿಕೋಡಿಗೆ ಬಂದವು. ಔಷಧ ಮನೆಯಲ್ಲೇ ಇತ್ತು, ಕುಡಿಯದವರು ನಾವು. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು ಬೆಂಬಲ ನಿಂತಾಗಲೂ ಹಳೆಯ ಫಾಂಟನ್ನೇ ಹೊಸ ಗಣಕಕ್ಕೆ ಹೊತ್ತು ತಂದೆವು. ನನ್ನ ಕಡತಗಳೂ ಇದಕ್ಕೆ ಹೊರತಲ್ಲ.

ಇದಕ್ಕೆ ಕಾರಣ ನಾವು ಗಣಕವನ್ನು ಕಲಿತ ಮತ್ತು ಕಲಿಸಿದ ರೀತಿ. 'ಸ್ಟಾರ್ಟ್ ಗುಂಡಿ ಎಡಮೂಲೆಯಲ್ಲಿದೆ' ಎಂದು ಕಲಿಸಿದೆವು. 2012ರ ವಿಂಡೋಸ್ 8ರಲ್ಲಿ ಆ ಗುಂಡಿಯೇ ಮಾಯವಾಯಿತು, ಮರುವರ್ಷ 8.1ರಲ್ಲಿ ಮರಳಿತು, 11ರಲ್ಲಿ ನಡುವಿಗೆ ಸರಿಯಿತು. ಗುಂಡಿಯ ಜಾಗ ಕಲಿತವನು ಪ್ರತಿ ಸಲವೂ ಮೊದಲಿನಿಂದ ಕಲಿಯಬೇಕು. ಕಡತ ಎಂದರೇನು, ಅದರ ರೂಪ ಯಾವುದು, ಅಕ್ಷರಕ್ಕೆ ಸಂಕೇತ ಹೇಗೆ ಎಂಬುದನ್ನು ಕಲಿತವನಿಗೆ ಒಂದು ವಾರ ಸಾಕು.

ಹರಿಹರದವರಿಗೆ ಇದು ಹೊಸ ಮಾತಲ್ಲ. 1941ರಲ್ಲಿ ಆರಂಭವಾದ ಅಲ್ಲಿನ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಲೇತ್ ಯಂತ್ರಗಳನ್ನು ತಯಾರಿಸಿತು. ಈಗ ಅದು ಮುಚ್ಚಿದೆ. ಲೇತ್ ಬಲ್ಲ ಟರ್ನರ್ ಹಿಡಿಕೆಯ ಜಾಗವನ್ನಷ್ಟೇ ಕಲಿತಿರುವುದಿಲ್ಲ. ಯಾವ ಲೋಹಕ್ಕೆ ಎಷ್ಟು ವೇಗ, ಎಷ್ಟು ಆಳದ ಕಡಿತ, ಮರೆ ಕೊರೆಯಲು ಯಾವ ಗಿಯರ್ ಅನುಪಾತ ಎಂಬುದನ್ನು ಬಲ್ಲ. ಬೇರೆ ತಯಾರಕರ ಯಂತ್ರದ ಮುಂದೆ ನಿಲ್ಲಿಸಿದರೂ ಅವನು ಅರ್ಧ ದಿನದಲ್ಲಿ ಕೆಲಸಕ್ಕಿಳಿಯುತ್ತಾನೆ.

ಮುಂದಿನ ರಜೆಯಲ್ಲಿ ನಿಮ್ಮ ಹಳೆಯ ಕಡತಗಳ ಒಂದು ಕೋಶವನ್ನಾದರೂ ಯೂನಿಕೋಡಿಗೆ ಪರಿವರ್ತಿಸಿ. ಸೂತ್ರಗಳನ್ನು ಕಣ್ಣಾರೆ ಪರೀಕ್ಷಿಸಿ. ಮೂಲ ಕಡತವನ್ನು ಅಳಿಸಬೇಡಿ, ಎರಡು ಕಡೆ ಪ್ರತಿ ಇಡಿ. ಪ್ರಯೋಗದ ಅಂಕಿಗಳನ್ನು ಯಾವ ತಂತ್ರಾಂಶವೂ ತೆರೆಯಬಲ್ಲ ಸರಳ ಪಠ್ಯರೂಪದಲ್ಲಿ ಉಳಿಸಿ. ವಿದ್ಯಾರ್ಥಿಗಳಿಂದ ಒಂದೇ ಕೆಲಸವನ್ನು ಎರಡು ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಮಾಡಿಸಿ. ಬದಲಾಗುವುದೇನು, ಬದಲಾಗದಿರುವುದೇನು ಎಂದು ಅವರನ್ನೇ ಕೇಳಿ.

ಹರಿಹರದ ಗೆಳೆಯರು ಹಳೆಯ ವ್ಯವಸ್ಥೆಯನ್ನು ಮತ್ತೆ ಹಾಕಿಸಿಕೊಳ್ಳಲಿಲ್ಲ. ಅವರ ಪ್ರಶ್ನೆಗಳನ್ನು ಈಗ ಮಕ್ಕಳು ಫೋನಿನಲ್ಲೇ ಓದುತ್ತಾರೆ. ಉಷ್ಣಗತಿವಿಜ್ಞಾನದ ಅಧ್ಯಾಯದಲ್ಲಿ ಇನ್ನೂ ಎರಡು ಕಡೆ 'ಕ್' ಉಳಿದಿದೆಯೆಂದು ಮೊನ್ನೆ ಫೋನ್ ಮಾಡಿ ತಿಳಿಸಿದರು. ಅದನ್ನು ಕಂಡುಹಿಡಿದದ್ದು ಅವರ ವಿದ್ಯಾರ್ಥಿನಿಯಂತೆ!